ಹನ್ನೆರಡು ಹಾಳೆ ಸಮುದ್ರ

ಬೈತಖೋಲದ ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ
ನಾವು ಐದು ಜನ
ಒಂದೂವರೆ ತಾಸಿನ ಚಿತ್ರಕ್ಕೆ ಸಮುದ್ರ ಹುಡುಕುತ್ತಿದ್ದೆವು.
ಕಿಟಕಿ ತೆರೆದರೆ ಸಮುದ್ರ.
ಅದು ಬೇಡ, ಎಂದಳು ನಿರ್ದೇಶಕಿ ಮುಕ್ತಾ ಶಾನಭಾಗ,
ಅದು ಎಲ್ಲರಿಗೂ ಸಿಗ್ತದೆ.

ಮೊದಲನೆಯದನ್ನು ಕಂಪ್ಯೂಟರೇ ಮಾಡಿತು.
ಹನಿ ಹನಿಗೂ ಲೆಕ್ಕ, ನೊರೆಗೂ ನೆರಳು.
ರಾತ್ರಿಯಿಡೀ ಬಿಸಿಯಾಗಿ ನರಳಿ
ಬೆಳಗಿನ ಜಾವ ಹೆತ್ತದ್ದು ನಾಲ್ಕು ಸೆಕೆಂಡು ನೀರು.
ಎಷ್ಟು ನಿಜವೆಂದರೆ
ಅದರ ದಡದಲ್ಲಿ ನಿಂತ ನಮ್ಮ ಹುಡುಗಿ
(ಚುಕ್ಕಿ ಕಣ್ಣು, ಒಂದೇ ಎಳೆಯ ಮೂಗು,
ತಲೆಯ ಮೇಲೆ ಬಂಗಡೆ ಬುಟ್ಟಿ)
ಸ್ನಾನದ ಮನೆಯ ಕನ್ನಡಿಗೆ
ಯಾರೋ ಅಂಟಿಸಿ ಮರೆತ ಬಿಂದಿಯಂತೆ ಕಂಡಳು.
ಒದ್ದೆ ಏನೋ ಆಗಿದೆ, ಎಂದಳು ಮುಕ್ತಾ.

ಎರಡನೆಯದು ನನ್ನದು, ಜಲವರ್ಣ.
ಕೂರ್ಮಗಡದ ಬೆನ್ನಿಗೆ ತಿಳಿ ನೇರಳೆ,
ಕಾಳಿ ಬಂದು ಸೇರುವಲ್ಲಿ ಚಹಾದ ಬಣ್ಣ,
ಬಂದರಿನ ಬಳಿ ಡೀಸೆಲಿನ ನವಿಲುಗರಿ.
ಚಂದವಿತ್ತು.
ಬ್ಯಾಂಕ್ ಮ್ಯಾನೇಜರ್ ಕುರ್ಚಿಯ ಹಿಂದೆ
ಕಟ್ಟು ಹಾಕಿ ತೂಗಬಹುದಾದಷ್ಟು ಚಂದ.
ಹರಿಯಲು ಮನಸ್ಸಾಗದೆ ಮಂಚದಡಿ ಇಟ್ಟೆ.

ಜುಲೈ ಕೊನೆ. ಬೋಟುಗಳು ಇಳಿಯಲು ಇನ್ನಾರು ದಿನ.
ಮಳೆ ಬಿಟ್ಟ ಗಳಿಗೆಗಳಲ್ಲಿ
ಪುರ್ಸು ತಾಂಡೇಲ ಅವುಗಳ ಮೂತಿಗೆ ಹೆಸರು ಬರೆಯುತ್ತಿದ್ದ.
ಎಪ್ಪತ್ತನಾಲ್ಕು. ಬಲಗೈ ನಡುಕ.
ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು,
ಕಳ್ಳನನ್ನು ಠಾಣೆಗೆ ಕರೆತರುವಂತೆ
ಅಕ್ಷರದ ತನಕ ಕುಂಚವನ್ನು ಕರೆತರುತ್ತಾನೆ.
ಹಲಗೆ ಮುಟ್ಟಿದ ಮೇಲೆ ಅದು ಅಲುಗುವುದಿಲ್ಲ.

ಮಳೆಗೆ ಮೇಲೆ ಹತ್ತಿ ಬಂದವನು
ನನ್ನ ಪರದೆ ನೋಡಿ ನಿಂತ.
ಅಗೋ ಬಾಯಿ,
ಇಷ್ಟೆಲ್ಲ ಬಣ್ಣ ಸಮುದ್ರಕ್ಕೆ ಯಾರು ಬಳೀತಾರೆ?
ಬಣ್ಣ ಬಳಿಯೂದು ದೋಣಿಗೆ.
ಇದಕ್ಕೆ ಒಂದು ಗೆರೆ ಸಾಕು.
ಎಳಿ ನೋಡುವಾ, ಎಂದೆ.

ಎಳೆದ. ಗೆರೆ ನಡುಗಿತು.
ಹಾಳಾಯ್ತು, ಇನ್ನೊಂದು ಕೊಡು.
ಅದೂ ನಡುಗಿತು.
ಹಟಕ್ಕೆ ಬಿದ್ದ. ಹಾಳೆಯ ಮೇಲೆ ಹಾಳೆ,
ಒಂದು ಗೆರೆಯೂ ಹಿಂದಿನದರ ಮೇಲೆ ಕೂರಲಿಲ್ಲ.
ಹನ್ನೆರಡಾದ ಮೇಲೆ ಪೆನ್ಸಿಲ್ ಇಟ್ಟು
ಈ ಕೈಗೆ ಮರದ ಆಸರೆ ಬೇಕು, ಕಾಗದ ಆಗೂದಿಲ್ಲ
ಎಂದು ಅರ್ಧ ಚಹಾ ಬಿಟ್ಟು ಇಳಿದು ಹೋದ.

ಬಿಸಾಡುವ ಮುಂಚೆ, ಸುಮ್ಮನೆ,
ಒಂದರ ಹಿಂದೊಂದು ಜೋಡಿಸಿ ಓಡಿಸಿದೆವು.
ಹನ್ನೆರಡು ಹಾಳೆ, ಒಂದು ಸೆಕೆಂಡು.
ಮತ್ತೆ ಮೊದಲಿನಿಂದ. ಮತ್ತೆ.
ಬಿಳೀ ಕಾಗದ, ಒಂದು ಗೆರೆ.
ಎಡಕ್ಕೆ ಉಬ್ಬಿ, ನಡುವೆ ಅನುಮಾನಿಸಿ,
ಬಲಕ್ಕೆ ಜಾರಿ
ಉಸಿರು ತೆಗೆದುಕೊಂಡಿತು.
ಕೆಳಗೆ ಐಸ್ ಒಡೆಯುವ ಸದ್ದು.
ಮುಕ್ತಾ ಕನ್ನಡಕ ತೆಗೆದು ಸೆರಗಿಗೆ ಒರೆಸಿ
ಮತ್ತೆ ಹಾಕಿಕೊಂಡಳು.

ಮುಂಬೈ ಕಂಪನಿಯಿಂದ ಫೋನು:
ಗೆರೆ ಅಲುಗುತ್ತಿದೆ, ಸರಿಪಡಿಸಿ.
ಅದಕ್ಕೊಂದು ಗುಂಡಿಯೂ ಇದೆ.
ಒತ್ತಿದೆ. ತಗಡಿನ ಅಂಚು ಬಂತು.
ಇನ್ನೊಮ್ಮೆ ಒತ್ತಿದೆ. ಸಮುದ್ರ ಬಂತು.
ತಗಡು. ಸಮುದ್ರ. ತಗಡು.
ಮಧ್ಯಾಹ್ನವಿಡೀ ಹೀಗೇ ಒತ್ತುತ್ತಾ ಕೂತು
ಸಂಜೆ ಫೋನು ಎತ್ತುವುದನ್ನೇ ಬಿಟ್ಟೆ.

ಆಗಸ್ಟಿನಲ್ಲಿ ಪುರ್ಸುವನ್ನು ಕರೆದು ತೋರಿಸಿದೆವು.
ಹುಡುಗಿ ಬುಟ್ಟಿ ಹೊತ್ತು ದೋಣಿ ಹತ್ತುತ್ತಾಳೆ,
ಕೆಂಪು ದೋಣಿ, ಬಿಳೀ ಹಾಳೆ,
ಗೆರೆ ದಾಟಿಸುತ್ತದೆ.
ಸಮುದ್ರ ಅಡ್ಡಿಲ್ಲ, ಎಂದ. ಯಾರು ಮಾಡಿದ್ದು?
ನಿನ್ನ ನಡುಕ, ಎನ್ನಲು ನಾಲಿಗೆ ಹೊರಳಲಿಲ್ಲ.
ಊರಿನವರೇ, ಎಂದೆ.

ಹತ್ತಿರ ಬಂದು ಬಗ್ಗಿ ನೋಡಿದ.
ದೋಣಿಗೆ ನಂಬರೇ ಇಲ್ಲವಲ್ಲೇ,
ಕೋಸ್ಟ್ ಗಾರ್ಡಿನವರು ಹಿಡೀತಾರೆ.
ಮೇಜಿನ ಮೇಲೆ ಹಲಗೆ ಇಟ್ಟು ಕುಂಚ ಕೊಟ್ಟೆ.
ಎಡಗೈ ಬಲಗೈಯನ್ನು ಹಿಡಿದು ತಂದಿತು.
ಒಂದೊಂದೇ ಅಂಕಿ, ದಪ್ಪಗೆ, ನೆಟ್ಟಗೆ.

ಇಡೀ ಚಿತ್ರದಲ್ಲಿ ಅಲುಗದೆ ಇರುವುದು ಅದೊಂದೇ.
ಅದರ ಕೆಳಗೆ
ಗೆರೆ ಇನ್ನೂ ಹಿಂದಿನ ಗೆರೆಯ ಮೇಲೆ
ಕೂರಲು ನೋಡುತ್ತಿದೆ.